ಫ್ರಾನ್ಸ್ ಪಕ್ಕದ ಕುರ್ಚಿಯಲ್ಲಿ ನಮ್ಮ ದೊಡ್ಡಪ್ಪ

ಸೋಮವಾರ, 26 ಜೂನ್ 2023, ಬೆಳಿಗ್ಗೆ 9:40. ಹೊಸಪೇಟೆ ಬಸ್ ನಿಲ್ದಾಣದ ಎದುರಿನ ಹೋಟೆಲು. ಒಗ್ಗರಣೆ ಮಂಡಕ್ಕಿ ಎರಡು ಪ್ಲೇಟು, ಮಿರ್ಚಿ ನಾಲ್ಕು. ನಾಲ್ಕರಲ್ಲಿ ಮೂರನ್ನು ತಿಂದವಳು ನಾನು.

ಎದುರಿಗೆ ಕೂತಿದ್ದ ಬೆಂಗಳೂರಿನ ಮ್ಯಾನೇಜರ್ ಉಳಿದ ಒಂದನ್ನು ಅರ್ಧ ಕಚ್ಚಿ, ಕಣ್ಣಲ್ಲಿ ಮೂಗಲ್ಲಿ ನೀರು ಸುರಿಸುತ್ತ ನನಗೆ ಎರಡು ವಾರದ ಕೆಲಸ ಕೊಟ್ಟ. ನನಗಿಂತ ಎರಡು ಮೂರು ವರ್ಷ ದೊಡ್ಡವನಿರಬಹುದು. ಆ ಸೆಕೆಯಲ್ಲೂ ಕೋಟು ಬಿಚ್ಚಿರಲಿಲ್ಲ.

ವಿಷಯ ಹೀಗಿತ್ತು. ಜುಲೈ ಎರಡನೇ ವಾರ ಹಂಪಿಯಲ್ಲಿ ಇಪ್ಪತ್ತು ದೊಡ್ಡ ದೇಶಗಳ ಕೂಟದ ಸಭೆ. ಊರಿಗೆ ಊರೇ ಬಣ್ಣ ಬಳಿದುಕೊಳ್ಳುತ್ತಿತ್ತು. ಅತಿಥಿಗಳನ್ನು ಬರಮಾಡಿಕೊಳ್ಳುವುದು, ಕೂರಿಸುವುದು, ಉಣ್ಣಿಸುವುದು ಇವುಗಳಲ್ಲಿ ಒಂದಿಷ್ಟು ಕೆಲಸ ಇವನ ಕಂಪನಿಯ ಪಾಲಿಗೆ ಬಂದಿತ್ತು.

"ದೇಶಗಳ ನಾಯಕರೇ ಬರ್ತಾರೇನ್ರಿ?" ಎಂದು ಕೇಳಿದೆ.

"ಇಲ್ಲ ಮೇಡಂ. ಲೀಡರ್ಸ್ ಸೆಪ್ಟೆಂಬರಲ್ಲಿ ದೆಹಲಿಗೆ ಬರ್ತಾರೆ. ಅವರು ಅಲ್ಲಿ ಏನು ಮಾತಾಡ್ಬೇಕೋ ಅದನ್ನ ಮುಂಚೇನೇ ಮಾತಾಡಿ ಮುಗಿಸೋರು ಇಲ್ಲಿಗೆ ಬರ್ತಾರೆ," ಎಂದವನು ನೀರು ಕುಡಿದು, "ಅವರು ಬರೋಕೆ ಮುಂಚೆ ನಮ್ಮದೊಂದು ರಿಹರ್ಸಲ್ ಆಗ್ಬೇಕು. ಅದಕ್ಕೆ ಡಮ್ಮಿ ಅತಿಥಿಗಳು ಬೇಕು. ವಯಸ್ಸು ಐವತ್ತು ದಾಟಿರ್ಬೇಕು, ಗಾಂಭೀರ್ಯ ಇರ್ಬೇಕು, ಎರಡು ಗಂಟೆ ಅಲ್ಲಾಡದೆ ಕೂತಿರ್ಬೇಕು, ಬಾಯಲ್ಲಿ ಗುಟ್ಕಾ ಇರಬಾರ್ದು," ಎಂದ.

ಹೊಸಪೇಟೆ, ಕಂಪ್ಲಿ ಕಡೆಯಿಂದ ಎಂಟು ಜನರನ್ನು ನಾನು ಹುಡುಕಬೇಕಿತ್ತು. ಸಂಡೂರು ಕಡೆಯವರನ್ನು ಹುಡುಕಲು ಬೇರೊಬ್ಬ ಹುಡುಗಿ ಇದ್ದಳು. ಗುಟ್ಕಾದ ಷರತ್ತಿನಿಂದಾಗಿ ಮೊದಲನೇ ದಿನವೇ ನನ್ನ ಪಟ್ಟಿ ಅರ್ಧಕ್ಕಿಳಿಯಿತು. ಎರಡು ಗಂಟೆ ಅಲ್ಲಾಡದೆ ಕೂರುವವರು ಎಂದಾಗ ಮಾತ್ರ ನನಗೆ ನೆನಪಾದದ್ದು ಒಬ್ಬರೇ, ನಮ್ಮ ದೊಡ್ಡಪ್ಪ.

ದೊಡ್ಡಪ್ಪನದು ಕಂಪ್ಲಿಯಲ್ಲಿ ಅಕ್ಕಿ ಗಿರಣಿ. ಬೆಳಿಗ್ಗೆ ಗಾದಿಯ ಮೇಲೆ ಕೂತರೆ ಊಟಕ್ಕೇ ಏಳುವುದು. ಗಿರಣಿಯ ನೆಲ, ಗೋಡೆ, ಗೋಡೆಯ ಮೇಲಿನ ಕ್ಯಾಲೆಂಡರು ಎಲ್ಲ ನಡುಗುತ್ತಿದ್ದರೂ ಅವರೊಬ್ಬರು ನಡುಗುವುದಿಲ್ಲ. ಮರುದಿನ ಹೋಗಿ ಕೇಳಿದೆ.

"ಯಾ ದೇಶ ಕೊಡ್ತೀರಿ?" ಅಂದರು, ನಾನು ದೇಶದ ಮೂಟೆಗಳನ್ನು ಗಾಡಿಯಲ್ಲಿ ಹೇರಿಕೊಂಡು ಬಂದವಳಂತೆ.

"ಜರ್ಮನಿ ಐತ್ರಿ ದೊಡ್ಡಪ್ಪ. ಭಾಳ ದೊಡ್ಡ ಕಾರ್ಖಾನಿಗಳ ದೇಶ. ನಿಮ್ಮ ಗಿರಣಿ ಮೋಟ್ರು ಅಲ್ಲಿಂದ ಬಂದಿದ್ರೂ ಬಂದಿರಬೇಕು."

"ನಮ್ದು ಕೊಯಮತ್ತೂರಿಂದು. ಇರ್ಲಿ. ಇಲ್ಲಿಗೆ ಬಂದು ಏನ್ ಮಾಡ್ತಾರವರು?"

"ನಾಯಕರು ದಿಲ್ಲಿಯಾಗ ಸೇರೂಕಿಂತ ಮೊದ್ಲ ಮಾತುಕತಿ ಮುಗಸ್ತಾರಂತ್ರಿ."

"ಹಂಗಾದ್ರ ಇದು ನಿಶ್ಚಯ ಅನ್ನು. ಲಗ್ನ ದಿಲ್ಲಿಯಾಗ."

ಇಷ್ಟು ಚೆನ್ನಾಗಿ ಆ ಸಭೆಯನ್ನು ಯಾವ ಪತ್ರಿಕೆಯೂ ವಿವರಿಸಿರಲಿಲ್ಲ. ಆದರೆ ನಿಶ್ಚಯ ಎಂಬ ಮಾತು ಬಾಯಿಂದ ಬಿದ್ದದ್ದೇ ದೊಡ್ಡಪ್ಪ ಲೆಕ್ಕದ ಪುಸ್ತಕ ತೆರೆದರು. ನಮ್ಮ ಮನೆಯಲ್ಲಿ ಆ ಮಾತು ಮೇ 21ರ ಭಾನುವಾರದಿಂದ ಯಾರ ಬಾಯಲ್ಲೂ ಬಂದಿರಲಿಲ್ಲ.

ಆವತ್ತು ನಮ್ಮ ಅಕ್ಕನ ನಿಶ್ಚಯದ ಒಪ್ಪಿಗೆ ವೀಳ್ಯ ಇತ್ತು. ಅಕ್ಕ ಸಂಡೂರಿನ ಒಂದು ಶಾಲೆಯಲ್ಲಿ ವಿಜ್ಞಾನ ಕಲಿಸುತ್ತಾಳೆ. ಹುಡುಗ ಉಕ್ಕಿನ ಕಾರ್ಖಾನೆಯಲ್ಲಿ ಕೆಲಸ ಮಾಡುತ್ತಾನೆ. ಇಬ್ಬರೂ ಒಂದೇ ಬಸ್ಸಿನಲ್ಲಿ ಓಡಾಡಿ, ತಾವೇ ಒಬ್ಬರನ್ನೊಬ್ಬರು ಮೆಚ್ಚಿ, ಆಮೇಲೆ ಹಿರಿಯರು ಹುಡುಕಿದಂತೆ ಮಾಡಿ ಹಿರಿಯರಿಗೆ ಒಪ್ಪಿಸಿದ್ದರು. ಹುಡುಗನಿಗೆ ತಂದೆಯಿಲ್ಲ. ಸೋದರಮಾವನೇ ಎಲ್ಲ. ಸಂಡೂರಿನಲ್ಲಿ ಲಾರಿ ಟೈರುಗಳ ಅಂಗಡಿ ಇಟ್ಟಿರುವ ಆ ಸೋದರಮಾವನನ್ನು ನಾನಿಲ್ಲಿ ಸಂಡೂರು ಮಾವ ಎನ್ನುತ್ತೇನೆ.

ಟಿ.ಬಿ. ಡ್ಯಾಮಿನ ನಮ್ಮ ಕ್ವಾರ್ಟರ್ಸಿನಲ್ಲಿ ಎಲ್ಲರೂ ಕೂತರು. ಅಪ್ಪ ಕಾಲುವೆ ಆಫೀಸಿನ ಗುಮಾಸ್ತರು, ಅಣ್ಣನನ್ನು ಕೇಳದೆ ಗಡಿಯಾರಕ್ಕೆ ಕೀಲಿ ಕೊಡುವವರೂ ಅಲ್ಲ. ಹಾಗಾಗಿ ನಮ್ಮ ಕಡೆಯ ಹಿರಿತನ ದೊಡ್ಡಪ್ಪನದು. ಮಠದ ಅಯ್ಯನವರು ಮೊದಲ ವೀಳ್ಯವನ್ನು ದೇವರಿಗೆ ಇಟ್ಟರು. ಎರಡನೆಯದನ್ನು ಮಠಕ್ಕೆಂದು ತಾವೇ ತೆಗೆದುಕೊಂಡರು. ಮೂರನೆಯದು ಯಾರಿಗೆ? ಹೆಣ್ಣು ಕೊಡುವ ಮನೆಯ ಹಿರಿಯನಿಗೆ ಎನ್ನುವುದು ಕಂಪ್ಲಿಯ ಪದ್ಧತಿ. ಗಂಡಿನ ಸೋದರಮಾವನಿಗೆ ಎನ್ನುವುದು ಸಂಡೂರಿನದು. ಅಯ್ಯನವರಿಗೆ ಎರಡೂ ಊರಲ್ಲಿ ಭಕ್ತರಿದ್ದರು. ಅವರು ಕಣ್ಣು ಮುಚ್ಚಿ ತಟ್ಟೆಯನ್ನು ಸರಿಯಾಗಿ ನಡುವೆ ಹಿಡಿದರು.

ಎರಡು ಕೈ ಒಟ್ಟಿಗೇ ತಟ್ಟೆಗೆ ಬಿದ್ದವು. ಯಾರೂ ಎಳೆಯಲಿಲ್ಲ, ಯಾರೂ ಬಿಡಲಿಲ್ಲ. ಸ್ವಲ್ಪ ಹೊತ್ತು ಹಾಗೇ ಇದ್ದ ತಟ್ಟೆ ಕೊನೆಗೆ ತಾನೇ ಬೇಸತ್ತು ವಾಲಿತು. ಅಡಿಕೆ ಮಂಚದ ಕೆಳಗೆ ಉರುಳಿತು. ಸಂಡೂರು ಮಾವ ಎದ್ದು, ಹೆಗಲ ಮೇಲಿನ ವಲ್ಲಿ ಕೊಡವಿ, ಬಡಿಸಿದ್ದ ಹೋಳಿಗೆಯನ್ನು ಮುಟ್ಟದೆ ಹೊರಟುಬಿಟ್ಟರು.

ಅಂದಿನಿಂದ ಇಬ್ಬರಲ್ಲಿ ಮಾತಿಲ್ಲ. "ಮೊದ್ಲ ಅವರು ಫೋನ್ ಮಾಡ್ಲಿ," ಎನ್ನುವುದು ಇಬ್ಬರ ಮಾತೂ ಆಗಿತ್ತು. ಸೋದರಮಾವನಿಲ್ಲದೆ ಹುಡುಗನ ಕಡೆ ಶಾಸ್ತ್ರ ಸಾಗುವುದಿಲ್ಲ. ಅಷ್ಟರಲ್ಲಿ ಆಷಾಢ ಬಂತು. ಆ ವರ್ಷ ಆಷಾಢದ ಬೆನ್ನಿಗೇ ಅಧಿಕ ಮಾಸ. ಎರಡು ತಿಂಗಳು ಶುಭಕಾರ್ಯವೇ ಇಲ್ಲ. ಹುಡುಗನ ತಾಯಿಗೆ ಗಂಗಾವತಿಯಿಂದ ಇನ್ನೊಂದು ಹೆಣ್ಣಿನ ಫೋಟೋ ಬಂದಿತ್ತು, ಜುಲೈ 10ರೊಳಗೆ ಅವರಿಗೆ ಹೂಂ ಇಲ್ಲವೇ ಉಹೂಂ ಹೇಳಬೇಕಿತ್ತು. ತನ್ನ ಅಣ್ಣ, ಅಂದರೆ ಸಂಡೂರು ಮಾವ, ಹೀಗೇ ಮುನಿಸಿಕೊಂಡಿದ್ದರೆ ಹೂಂ ಎನ್ನುತ್ತೇನೆಂದು ಆಕೆ ಮಗನಿಗೆ ಹೇಳಿಯಾಗಿತ್ತು. ಅಕ್ಕ ಊಟ ಮಾಡುತ್ತಿದ್ದಳು, ಶಾಲೆಗೆ ಹೋಗುತ್ತಿದ್ದಳು, ಆದರೆ ಬಸ್ಸು ಬದಲಿಸಿದ್ದಳು.

ಜುಲೈ 1, ಶನಿವಾರ, ಮೊದಲ ರಿಹರ್ಸಲ್. ಹೊಸಪೇಟೆಯ ಒಂದು ಕಲ್ಯಾಣ ಮಂಟಪ. ಆಷಾಢವಾದ್ದರಿಂದ ಖಾಲಿ ಇತ್ತು. ವೇದಿಕೆಯ ಮೇಲೆ ಹಿಂದಿನ ಮದುವೆಯ ಥರ್ಮಾಕೋಲ್ ಹೃದಯ ಉಳಿದುಕೊಂಡಿತ್ತು. ಮ್ಯಾನೇಜರ್ ಅದರ ಮೇಲೆ ಭೂಗೋಳದ ಚಿತ್ರ ಅಂಟಿಸಿದ್ದ. ಭೂಮಿಯ ಸುತ್ತ ಮಲ್ಲಿಗೆ ಹೂವು ಇಣುಕುತ್ತಿದ್ದವು.

ಬಂದವರ ಕೊರಳಿಗೆಲ್ಲ ದೇಶದ ಹೆಸರಿನ ಬಿಲ್ಲೆ ಹಾಕಿದೆವು. ಗಾದಿಗನೂರಿನ ನಿವೃತ್ತ ಹೆಡ್ ಮೇಡಂ ಬ್ರೆಜಿಲ್ ಆದರು. ಜಪಾನ್ ಆದ ಪಿ.ಟಿ. ಮಾಸ್ತರರು ಬಿಲ್ಲೆ ಹಾಕಿಸಿಕೊಂಡು ಅಟೆನ್ಷನ್ನಿನಲ್ಲಿ ನಿಂತರು. ದೊಡ್ಡಪ್ಪ ಮದುವೆಗಳಿಗೆಂದು ಇಟ್ಟ ಕರಿ ಕೋಟು ತೊಟ್ಟು, ಬಿಳಿ ಧೋತರದ ಮೇಲೆ ಜರ್ಮನಿಯಾಗಿ ಬಂದು ಕೂತರು. ಆಗ ಸಂಡೂರಿನ ಹುಡುಗಿ ತನ್ನ ಪಟ್ಟಿಯವರನ್ನು ಕರೆತಂದಳು. ಮುಂದೆಯೇ ಸಂಡೂರು ಮಾವ. ಕೊರಳಲ್ಲಿ ಫ್ರಾನ್ಸ್.

ಕುರ್ಚಿಗಳು ಇಂಗ್ಲಿಷ್ ಅಕ್ಷರದ ಸಾಲಿನಲ್ಲಿದ್ದವು. ಫ್ರಾನ್ಸ್ ಆದ ಮೇಲೆ ಜರ್ಮನಿ. ನಡುವೆ ಒಂದು ನೀರಿನ ಬಾಟಲಿ.

ದೊಡ್ಡಪ್ಪ ನನ್ನನ್ನು ಕಣ್ಣಲ್ಲೇ ಕರೆದರು. "ಈ ಕುರ್ಚಿ ಬ್ಯಾಡ."

ಮ್ಯಾನೇಜರ್ ಓಡಿ ಬಂದ. "ಸರ್, ಆಲ್ಫಾಬೆಟ್ ಪ್ರಕಾರ ಇದೆ. ಚೇಂಜ್ ಮಾಡೋಕಾಗಲ್ಲ."

"ನಮ್ಮ ಅ ಆ ಇ ಈ ಪ್ರಕಾರ ಹಾಕ್ರಿ. ಜ ಮೊದ್ಲ ಬರ್ತೈತಿ, ಫ ಎಲ್ಲೋ ಕೊನಿಗೆ."

"ಬರೂದು ಕೊನಿಗಾದ್ರೂ ತೂಕ ಇರ್ಬೇಕು," ಎಂದು ಸಂಡೂರು ಮಾವ ಛಾವಣಿಯ ಫ್ಯಾನಿಗೆ ಹೇಳಿದರು.

ಅತಿಥಿಗಳ ಹಿಂದೆ ದುಭಾಷಿಗಳು ಕೂರುವ ವ್ಯವಸ್ಥೆ ಇತ್ತು. ಜನ ಸಾಲದೆ ಫ್ರಾನ್ಸಿಗೂ ಜರ್ಮನಿಗೂ ನನ್ನೊಬ್ಬಳನ್ನೇ ದುಭಾಷಿಯಾಗಿ ಕೂರಿಸಿದರು. ನಾನು ಜೀವಮಾನದಲ್ಲಿ ಮಾಡಿದ ಅತ್ಯಂತ ಕಷ್ಟದ ಅನುವಾದ ಅದು. ಕನ್ನಡದಿಂದ ಕನ್ನಡಕ್ಕೆ.

"ಫ್ರಾನ್ಸಿನೋರಿಗೆ ಹೇಳವ್ವಾ, ಮೊಳಕೈ ಅವರ ಗಡಿಯೊಳಗ ಇಟ್ಕೊಳ್ಳಾಕ," ಎಂದರು ದೊಡ್ಡಪ್ಪ.

ನಾನು ಮುಂದೆ ಬಾಗಿ, "ಸ್ವಲ್ಪ ಇಕ್ಕಟ್ಟಾಗೈತಿ, ತೊಂದ್ರಿ ಇಲ್ಲಂದ್ರ ಸರೀಬೇಕಂತ್ರಿ," ಎಂದೆ.

"ಜರ್ಮನಿಗೆ ಹೇಳು ತಂಗಿ, ಇದು ಅಕ್ಕಿ ಗಿರಣಿ ಗಾದಿ ಅಲ್ಲ, ಕಾಲು ಚಾಚಿ ಕುಂದ್ರಾಕ."

"ಆರಾಮ ಕುಂದ್ರಿ ಅಂತ ಹೇಳಾಕತ್ಯಾರ್ರಿ ದೊಡ್ಡಪ್ಪ."

"ಅಷ್ಟುದ್ದ ಹೇಳಿದ್ದಕ್ಕ ಇಷ್ಟ ಸಣ್ಣದ ಅರ್ಥ?" ದೊಡ್ಡಪ್ಪನ ಕಿವಿ ಚುರುಕು. ಇಬ್ಬರ ನಡುವೆ ಇದ್ದದ್ದು ಒಂದು ಗೇಣು.

ದೂರದಿಂದ ನೋಡುತ್ತಿದ್ದ ಮ್ಯಾನೇಜರ್‌ಗೆ ಇದೆಲ್ಲ ಬಹಳ ಹಿಡಿಸಿತು. ಮೈಕಿನಲ್ಲಿ, "ಎಲ್ಲರೂ ಫ್ರಾನ್ಸ್, ಜರ್ಮನಿನ ನೋಡಿ ಕಲೀರಿ. ನೇರ ಮಾತಿಲ್ಲ, ಎಲ್ಲ ದುಭಾಷಿ ಮೂಲಕ. ಮುಖದಲ್ಲಿ ಒಂದು ಸ್ಮೈಲ್ ಇಲ್ಲ. ಇದು ಪ್ರೊಫೆಷನಲ್," ಎಂದ.

ಮುಗಿಯುವ ಹೊತ್ತಿಗೆ ದೊಡ್ಡಪ್ಪ ನನ್ನನ್ನು ಮೂಲೆಗೆ ಕರೆದು ತಮಗೆ ಜಪಾನ್ ಕೊಡಿಸೆಂದರು. ಕೈತೊಳೆಯುವಲ್ಲಿ ಸಂಡೂರು ಮಾವ ಅಡ್ಡಗಟ್ಟಿ ತಮಗೆ ಜಪಾನ್ ಕೊಡಿಸೆಂದರು. ಇಬ್ಬರ ಮಾತನ್ನೂ ನಡೆಸಿಕೊಟ್ಟಿದ್ದರೆ ಒಬ್ಬರ ತೊಡೆಯ ಮೇಲೊಬ್ಬರು ಕೂರಬೇಕಾಗುತ್ತಿತ್ತು.

ಅಕ್ಕನಿಗೆ ಸಂಜೆ ಎಲ್ಲ ಹೇಳಿದೆ. ಅವಳು ಉತ್ತರ ಪತ್ರಿಕೆ ತಿದ್ದುತ್ತಿದ್ದಳು. ಬಹಳ ದಿನದ ಮೇಲೆ ನಕ್ಕಳು. ಆಮೇಲೆ ಕೆಂಪು ಪೆನ್ನನ್ನು ನನ್ನ ಕಡೆ ತೋರಿಸಿ, "ನೋಡಲೇ, ಆ ಕುರ್ಚಿ ಏನರ ಬದಲಿ ಮಾಡಿಸಿದ್ರ ನಿನ್ನ ಕೂಡ ಮಾತ ಬಿಡ್ತೀನಿ," ಎಂದಳು.

"ಅವರೇನು ಮಾತಾಡಾಕತ್ತಿಲ್ಲಲೇ ಅಕ್ಕ. ಬೈದಾಡಾಕತ್ತಾರ."

"ನಲವತ್ತು ದಿನ ಅದೂ ಇರ್ಲಿಲ್ಲಲ್ಲ."

ಕುರ್ಚಿ ಬದಲಿಸಲು ಆಗುವುದಿಲ್ಲ, ಪಟ್ಟಿ ಆಗಲೇ ದೆಹಲಿಗೆ ಹೋಗಿದೆ ಎಂದು ಇಬ್ಬರಿಗೂ ಫೋನ್ ಮಾಡಿ ಹೇಳಿದೆ. ದೆಹಲಿ ಎಂದಕೂಡಲೇ ಇಬ್ಬರೂ ತೆಪ್ಪಗಾದರು. ಇಬ್ಬರಲ್ಲಿ ಯಾರೂ ರಿಹರ್ಸಲ್‌ಗೆ ಬರುವುದಿಲ್ಲ ಎನ್ನಲಿಲ್ಲ. ತಾನು ಬಿಟ್ಟರೆ ಇನ್ನೊಬ್ಬ ಗೆದ್ದಂತೆ ಎಂದು ಇಬ್ಬರಿಗೂ ಗೊತ್ತಿತ್ತು.

ಜುಲೈ 6, ಗುರುವಾರ, ಎರಡನೇ ರಿಹರ್ಸಲ್. ಆವತ್ತು ಊಟದ್ದು. ಗಂಗಾವತಿಯವರಿಗೆ ಉತ್ತರ ಕೊಡಲು ನಾಲ್ಕು ದಿನ ಉಳಿದಿತ್ತು.

ಮಂಟಪದಲ್ಲಿ ಬಾಳೆ ಎಲೆ ಹಾಕಿ ನಮ್ಮ ಕಡೆಯ ಊಟ ಬಡಿಸಿದ್ದರು. ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ, ಮಡಕೆ ಕಾಳಿನ ಪಲ್ಯ, ಕಡೆಗೆ ಹೋಳಿಗೆ. ಮ್ಯಾನೇಜರ್ ಭಾರತದ ಕುರ್ಚಿಯಲ್ಲಿ ತಾನೇ ಕೂತು, ಎಲ್ಲರೂ ಎಲ್ಲವನ್ನೂ ತಿನ್ನಬೇಕು, ಯಾವುದು ಎಲೆಯಲ್ಲಿ ಉಳಿಯುತ್ತದೋ ಅದನ್ನು ಮೆನುವಿನಿಂದ ತೆಗೆಯುತ್ತೇನೆ ಎಂದು ಮೊದಲೇ ಹೇಳಿದ್ದ. ಒಬ್ಬ ಹುಡುಗ ಕ್ಯಾಮೆರಾ ಹಿಡಿದು ಸಾಲಿನುದ್ದಕ್ಕೂ ಚಿತ್ರೀಕರಿಸುತ್ತಿದ್ದ, ಬಡಿಸುವವರಿಗೆ ತೋರಿಸಿ ಕಲಿಸಲಿಕ್ಕೆಂದು.

ರೊಟ್ಟಿ ಮುಗಿಯಿತು. ಪಲ್ಯ ಮುಗಿಯಿತು. ಆಸ್ಟ್ರೇಲಿಯಾ ಎರಡನೇ ಸಲ ಎಣ್ಣೆಗಾಯಿ ಹಾಕಿಸಿಕೊಂಡಿತು. ಹದಿನೆಂಟು ಎಲೆಗಳಲ್ಲಿ ಹೋಳಿಗೆ ಖಾಲಿಯಾಯಿತು. ಫ್ರಾನ್ಸ್ ಮತ್ತು ಜರ್ಮನಿಯ ಎಲೆಗಳಲ್ಲಿ ಹೋಳಿಗೆ ತುಪ್ಪದ ಸಮೇತ ಹಾಗೇ ಇತ್ತು.

"ಸರ್, ಇಬ್ಬರಿಗೂ ಶುಗರ್ ಇದೆಯಾ?" ಎಂದ ಮ್ಯಾನೇಜರ್.

"ಇಲ್ಲ," ಎಂದರು ಇಬ್ಬರೂ ಒಟ್ಟಿಗೆ. ಒಟ್ಟಿಗೆ ಅಂದದ್ದಕ್ಕೆ ಇಬ್ಬರಿಗೂ ಸಿಟ್ಟು ಬಂತು.

ನನಗೂ ಆಶ್ಚರ್ಯವಾಯಿತು. ದೊಡ್ಡಪ್ಪ ಹೋಳಿಗೆಯ ಮನುಷ್ಯ. ಮೂರು ಕುರ್ಚಿ ಆಚೆಯಿಂದ ಬ್ರೆಜಿಲ್, ಅಂದರೆ ಗಾದಿಗನೂರಿನ ಹೆಡ್ ಮೇಡಂ, ಎದ್ದು ಬಂದು ನನ್ನ ಸೆರಗು ಜಗ್ಗಿ ಮೆಲ್ಲಗೆ ಕೇಳಿದರು. "ಏನವ್ವಾ, ಇವರಿಬ್ಬರ ನಡುವ ಮುರುದ ನಿಶ್ಚಯ ಐತೇನು?"

"ನಿಮಗ ಹೆಂಗ ಗೊತ್ತಾತ್ರಿ ಮೇಡಂ?"

"ಹೋಳಿಗಿ ನೋಡಿದ್ರ ತಿಳಿತೈತಲ್ಲ. ಬೀಗರು ಉಣ್ಣದ ಎದ್ದು ಹೋದ್ರ, ಬಿಟ್ಟು ಹೋದ ಸೀಯನ್ನ ಈ ಕಡಿ ಹಿರ್ಯಾನೂ ಮುಟ್ಟಂಗಿಲ್ಲ, ಆ ಕಡಿ ಹಿರ್ಯಾನೂ ಮುಟ್ಟಂಗಿಲ್ಲ. ಹಳೇ ಮಂದಿ ಪದ್ಧತಿ ಇದು. ಯಾರೂ ಬಾಯಿ ಬಿಟ್ಟು ಹೇಳಂಗಿಲ್ಲ. ಮುಟ್ಟದ ಇರೂತನಕ ಸಂಬಂಧ ಜೀವ ಹಿಡದೈತಿ ಅಂತ. ಯಾರಾರ ಒಬ್ಬರು ತಮ್ಮ ಕೈಯಾರೆ ಬ್ಯಾರೆ ಕಡಿ ತಿಂದ್ರೋ, ಕಡದು ಹೋತು."

ಮೇ 21ರಿಂದ ದೊಡ್ಡಪ್ಪ ಎರಡು ತೊಟ್ಟಿಲು, ಒಂದು ಗೃಹಪ್ರವೇಶಕ್ಕೆ ಹೋಗಿ ಬಂದಿದ್ದರು. ಮೂರೂ ಕಡೆ ಹೋಳಿಗೆ ಮಾಡಿದ್ದರು. ಮೂರೂ ಕಡೆ ಅವರು ಹಲ್ಲುನೋವು ಎಂದಿದ್ದರು. ನಾವು ನಂಬಿ ಲವಂಗದ ಎಣ್ಣೆ ತಂದುಕೊಟ್ಟಿದ್ದೆವು.

ಅಷ್ಟರಲ್ಲಿ ಮ್ಯಾನೇಜರ್ ಎದ್ದು ನಿಂತಿದ್ದ. "ಇಪ್ಪತ್ತರಲ್ಲಿ ಎರಡು ದೇಶ ರಿಜೆಕ್ಟ್ ಮಾಡಿವೆ. ನಾನು ರಿಸ್ಕ್ ತಗೊಳ್ಳಲ್ಲ. ಹೋಳಿಗೆ ತೆಗೀತೀನಿ. ಅದರ ಬದಲು ಫ್ರೂಟ್ ಸಲಾಡ್."

ಮಂಟಪದಲ್ಲಿ ಗದ್ದಲವೆದ್ದಿತು. "ಫ್ರೂಟ್ ಸಲಾಡ್ ತಿನ್ನಾಕ ಅಷ್ಟು ದೂರದಿಂದ ವಿಮಾನ ಹತ್ತಿ ಬರಬೇಕೇನ್ರಿ?" ಎಂದಿತು ಜಪಾನ್. "ಹೋಳಿಗಿ ಇಲ್ಲದ ಕಳಿಸಿದ್ರ ನಾಳಿ ಏನಂತಾರ ನಮ್ಮ ಜಿಲ್ಲಾಕ?" ಎಂದಿತು ಇಟಲಿ. ಎಲ್ಲ ದೇಶಗಳೂ ಜರ್ಮನಿ, ಫ್ರಾನ್ಸಿನ ಕಡೆ ತಿರುಗಿದವು.

"ತಿನ್ರಿ ಯಜಮಾನ್ರ, ಒಂದ್ ಚೂರರ," ಎಂದರು ಯಾರೋ.

"ಸುಮ್ನೆ ಆಕ್ಟ್ ಮಾಡಿ ಸರ್. ರಿಹರ್ಸಲ್ ತಾನೇ?" ಎಂದ ಮ್ಯಾನೇಜರ್.

ಸಂಡೂರು ಮಾವ ಮೊದಲ ಸಲ ಅವನ ಮುಖ ನೋಡಿ ಮಾತಾಡಿದರು. "ತಮ್ಮಾ, ಕೋಟು ಹಾಕ್ಕೊಂಡಿದ್ದು ನಾಟಕ, ಫ್ರಾನ್ಸ್ ಆಗಿದ್ದೂ ನಾಟಕ. ಹೋಳಿಗಿ ನಾಟಕ ಅಲ್ಲಪಾ. ಹೊಟ್ಟಿಗೆ ಹೋದ್ರ ಹೋತು."

"ಹಾಗಾದ್ರೆ ತೆಗೀತೀನಿ," ಎಂದು ಮ್ಯಾನೇಜರ್ ಜೇಬಿನಿಂದ ಪೆನ್ನು ತೆಗೆದ.

ಸಂಡೂರು ಮಾವ ಒಮ್ಮೆ ಆ ಪೆನ್ನನ್ನು ನೋಡಿದರು, ಒಮ್ಮೆ ಸಾಲಿನುದ್ದಕ್ಕೂ ನೋಡಿದರು. ಒಂದು ಕಡೆ ಜಿಲ್ಲೆಯ ಮಾನ, ಇನ್ನೊಂದು ಕಡೆ ಅಳಿಯನ ಸಂಬಂಧ. ದೊಡ್ಡ ಉಸಿರು ಬಿಟ್ಟು, ಹೋಳಿಗೆಯ ಅಂಚು ಮುರಿದು, ತುಪ್ಪದಲ್ಲಿ ಅದ್ದಿದರು.

ನಾನು ಹಿಂದಿನ ಕುರ್ಚಿಯಲ್ಲಿ ಎದ್ದು ನಿಂತುಬಿಟ್ಟೆ. ಆ ತುಣುಕು ಅವರ ಬಾಯಿಗೆ ಹೋದರೆ ಅಕ್ಕನ ಮದುವೆ ಅಲ್ಲಿಗೆ ಮುಗಿದಂತೆ. ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡೆ.

ಎರಡು ಗಂಟೆ ಅಲ್ಲಾಡದ ನಮ್ಮ ದೊಡ್ಡಪ್ಪ ಅಲ್ಲಾಡಿದರು. ಕುರ್ಚಿ ಹಿಂದಕ್ಕೆ ಬಿತ್ತು. "ಹ್ಞಾಂ ಹ್ಞಾಂ, ತಡೀರಿ ಬೀಗರ! ನಿಮ್ಮ ಕೈಯಾರೆ ಬ್ಯಾಡ!" ಎನ್ನುತ್ತ ತಮ್ಮ ಎಲೆಯ ಹೋಳಿಗೆಯನ್ನು ಅರ್ಧಕ್ಕರ್ಧ ಹರಿದು ಸಂಡೂರು ಮಾವನ ಬಾಯಿಗೆ ತುರುಕಿದರು. ತುಣುಕು ದೊಡ್ಡದಿತ್ತು. ಮಾವನ ಕಣ್ಣು ಹೊರಬಂದವು. ಆದರೂ ಅವರು ಬಿಟ್ಟಾರೆಯೇ? ತಮ್ಮ ಕೈಯಲ್ಲಿದ್ದ ತುಪ್ಪದ ತುಣುಕನ್ನು ತಿರುಗಿಸಿ ದೊಡ್ಡಪ್ಪನ ಬಾಯಿಗೆ ಇಟ್ಟರು. ಬೀಗರು ಬೀಗರ ಬಾಯಿ ಸೀ ಮಾಡಿದರೆ ನಿಶ್ಚಯ ಆದಂತೆ. ಅದು ಕಂಪ್ಲಿಗೂ ಸಂಡೂರಿಗೂ ಒಂದೇ.

"ನೋ! ನೋ ಫೀಡಿಂಗ್!" ಮ್ಯಾನೇಜರ್ ಕಿರುಚುತ್ತಿದ್ದ. "ಸರ್, ದೇಶಗಳು ಒಬ್ಬರಿಗೊಬ್ಬರು ತಿನ್ನಿಸೋ ಹಾಗಿಲ್ಲ! ಪ್ರೋಟೋಕಾಲ್‌ನಲ್ಲಿ ಇಲ್ಲ!"

ಯಾರಿಗೂ ಕೇಳಲಿಲ್ಲ. ಹದಿನೇಳು ದೇಶಗಳು ಚಪ್ಪಾಳೆ ತಟ್ಟುತ್ತಿದ್ದವು. ಬ್ರೆಜಿಲ್ ಕಣ್ಣೊರೆಸಿಕೊಂಡು, ತಟ್ಟನೆ ನೆನಪಾಗಿ, "ಅಯ್ಯ, ಆಷಾಢ ನಡದೈತಲ್ರಿ! ಆಷಾಢದಾಗ ನಿಶ್ಚಯ ಮಾಡ್ತಾರೇನ್ರಿ?" ಎಂದರು.

ದೊಡ್ಡಪ್ಪನ ದವಡೆ ನಿಂತಿತು.

ಸಂಡೂರು ಮಾವ ನಿಧಾನವಾಗಿ ಅಗಿದು, ನುಂಗಿ, ನೀರು ಕುಡಿದರು. ಕೊರಳಿನ ಬಿಲ್ಲೆಯನ್ನು ನೇರ ಮಾಡಿಕೊಂಡರು. "ಆಷಾಢ ನಮಗ್ರಿ ಮೇಡಂ. ಫ್ರಾನ್ಸಿಗೆ ಎಲ್ಲಿ ಆಷಾಢ?"

"ಜರ್ಮನಿಗೂ ಇಲ್ಲ," ಎಂದರು ದೊಡ್ಡಪ್ಪ, ಬಾಯಿ ತುಂಬಿಕೊಂಡೇ.

ಮಧ್ಯಾಹ್ನ 1:25ಕ್ಕೆ ಅಕ್ಕನಿಗೆ ಫೋನ್ ಮಾಡಿದೆ. ಹಿಂದೆ ಮಕ್ಕಳ ಗದ್ದಲ ಕೇಳುತ್ತಿತ್ತು.

"ಅಕ್ಕಾ, ನಿನ್ನ ನಿಶ್ಚಯ ಆತು."

"ಯಾವಾಗಲೇ?"

"ಈಗ. ಹತ್ತು ನಿಮಿಷ ಆತು."

"ನಾ ಎಲ್ಲಿದ್ದೆ?"

"ಕ್ಲಾಸಿನ್ಯಾಗ."

ಅವಳು ಮಕ್ಕಳಿಗೆ "ಸುಮ್ಕ ಕುಂದ್ರ್ಯೋ" ಎಂದು ಕೂಗಿದಳು. "ಹುಡುಗರ ಅದಾರ, ಆಮ್ಯಾಲ ಮಾಡ್ತೀನಿ," ಎಂದು ಇಟ್ಟಳು. ಮರುದಿನದಿಂದ ಹಳೆಯ ಬಸ್ಸಿಗೇ ಹೋಗತೊಡಗಿದಳು.

ಗಂಗಾವತಿಗೆ ಉಹೂಂ ಹೋಯಿತು, 8ನೇ ತಾರೀಖೇ. ಮ್ಯಾನೇಜರ್ ಊಟದ ರಿಹರ್ಸಲ್ಲಿನ ದಿನವೇ ಸಂಜೆ ನನ್ನ ಹತ್ತಿರ ಬಂದು, ಹೋಳಿಗೆಯನ್ನು ಮೆನುವಿನಲ್ಲಿ ಉಳಿಸಿದ್ದೇನೆ, ಆದರೆ ಇದು ಇಷ್ಟು 'ಎಮೋಷನಲ್' ತಿಂಡಿ ಎಂದು ಯಾರೂ ತನಗೆ ಮೊದಲೇ ಹೇಳಲಿಲ್ಲ ಎಂದು ಬೇಸರಪಟ್ಟ. ಜರ್ಮನಿ, ಫ್ರಾನ್ಸ್ ಇಬ್ಬರನ್ನೂ ಮೂರನೇ ರಿಹರ್ಸಲ್‌ನಿಂದ ಕೈಬಿಟ್ಟ. ಅವರು ಆವತ್ತು ಕಂಪ್ಲಿಯಲ್ಲಿ ಕೂತು ಛತ್ರ, ಅಡುಗೆಯವರು, ವಾಲಗದವರು ಎಂದು ಮಾತಾಡುತ್ತಿದ್ದರು, ಕರೆದಿದ್ದರೂ ಬರುತ್ತಿರಲಿಲ್ಲ. ನಿಜವಾದ ಅತಿಥಿಗಳು ಬಂದ ದಿನಗಳಲ್ಲಿ ನಾನು ಸ್ವಾಗತದ ಮೇಜಿನ ಹಿಂದೆ ಹೂವಿನ ಬುಟ್ಟಿ ಕಾಯುತ್ತಿದ್ದೆ. ಸಾಲು ಕಾರುಗಳನ್ನು ನೋಡಿದೆ. ಮುಖಗಳನ್ನು ನೋಡಲಿಲ್ಲ.

ನಿಜ ಶ್ರಾವಣದಲ್ಲಿ ಮದುವೆಯಾಯಿತು. ಮದುವೆಯ ವೀಳ್ಯ ಹಂಚುವಾಗ ಮಠದ ಅಯ್ಯನವರು ಈ ಸಲ ಕಣ್ಣು ಮುಚ್ಚಲಿಲ್ಲ, ಮೂರನೇ ವೀಳ್ಯಕ್ಕೆ ಎರಡು ತಟ್ಟೆ ತಂದಿದ್ದರು. ಅಕ್ಕ, ಭಾವ ಈಗ ಸಂಡೂರಿನಲ್ಲಿದ್ದಾರೆ. ಆದರೆ ಬೀಗರಿಬ್ಬರು ಸೇರಿದಾಗಲೆಲ್ಲ ಜಗಳ ಇದ್ದೇ ಇದೆ. ಮೊದಲು ತಿನ್ನಿಸಿದವನು ತಾನು ಎನ್ನುತ್ತಾರೆ ದೊಡ್ಡಪ್ಪ. "ನೀವು ಗಾಬರಿಗೆ ತುರುಕಿದ್ರಿ, ಅದು ಲೆಕ್ಕಕ್ಕಿಲ್ಲ. ಪದ್ಧತಿ ಪ್ರಕಾರ ತುಪ್ಪದಾಗ ಅದ್ದಿ ಮೊದ್ಲ ತಿನ್ನಿಸಿದಾಂವ ನಾನು," ಎನ್ನುತ್ತಾರೆ ಸಂಡೂರು ಮಾವ. ನನ್ನನ್ನು ಕೇಳಿದರೆ, ಹಿಂದೆ ನಿಂತಿದ್ದ ನನಗೆ ಕಂಡದ್ದು ಎರಡು ಬೆನ್ನು ಮಾತ್ರ ಎಂದು ಜಾರಿಕೊಳ್ಳುತ್ತೇನೆ. ಅಕ್ಕನ ಕೊರಗೇ ಬೇರೆ. ಮದುವೆಯ ಆಲ್ಬಮ್ಮಿನ ಮೊದಲ ನಾಲ್ಕು ಪುಟ ಅವಳು ಖಾಲಿ ಬಿಟ್ಟಿದ್ದಾಳೆ. ಬೇರೆ ನಿಶ್ಚಯ ಅವಳಿಗೆ ಆಗಲೇ ಇಲ್ಲ. ಆದ ಒಂದನ್ನು ಅವಳು ನೋಡಿಲ್ಲ.

ಆ ಕ್ಯಾಮೆರಾದ ಹುಡುಗನನ್ನು ಹುಡುಕಿದೆ, ಸಿಗಲಿಲ್ಲ. ಕಂಪನಿಯ ಫೋನು ಯಾರೂ ಎತ್ತುವುದಿಲ್ಲ. ಬಡಿಸುವವರಿಗೆ ತೋರಿಸಲು ಮಾಡಿದ ಚಿತ್ರವಾದ್ದರಿಂದ ಅದು ಈಗಲೂ ಎಲ್ಲೋ, ಯಾವುದೋ ಹೋಟೆಲಿನ ತರಬೇತಿಯಲ್ಲಿ ಓಡುತ್ತಿರಬಹುದು. ಧೋತರದ ಮೇಲೆ ಕರಿ ಕೋಟು ತೊಟ್ಟ ಜರ್ಮನಿ ಎದ್ದು ನಿಂತು ಫ್ರಾನ್ಸಿನ ಬಾಯಿಗೆ ಏನನ್ನೋ ತುರುಕುವುದನ್ನು, ಹಿಂದೆ ಒಬ್ಬಳು ಹುಡುಗಿ ಎರಡೂ ಕೈಯಲ್ಲಿ ಬಾಯಿ ಮುಚ್ಚಿಕೊಂಡು ನಿಂತಿರುವುದನ್ನು ನೀವು ಎಲ್ಲಾದರೂ ಕಂಡಿದ್ದರೆ, ಅಥವಾ ಕಂಡವರು ನಿಮಗೆ ಗೊತ್ತಿದ್ದರೆ, ಈ ಪತ್ರಿಕೆಯ ವಿಳಾಸಕ್ಕೆ ನನಗೆ ಎರಡು ಸಾಲು ಬರೆಯಿರಿ. ಯಾರು ಮೊದಲು ತಿನ್ನಿಸಿದರು ಎಂಬುದನ್ನು ಮಾತ್ರ ಕಾಗದದಲ್ಲಿ ಬರೆಯಬೇಡಿ. ಅದನ್ನು ಮನೆಯಲ್ಲಿ ಎಲ್ಲರೂ ಓದುತ್ತಾರೆ.